ಮುಗ್ಗಿದ ಹುಲ್ಲು, ಮುದುಡುವ ಶ್ವಾಸಕೋಶ

ಮಳೆಗೆ ಸಿಕ್ಕಿದ ಹುಲ್ಲನ್ನು ಪೂರ್ತಿ ಒಣಗುವ ಮೊದಲೇ ಬಣವೆ ಒಟ್ಟಿದ್ದರೆ, ಕೆಲವು ದಿನ ಬಿಟ್ಟು ಅದರ ಪಕ್ಕೆಗೆ ಮೊಣಕೈವರೆಗೆ ಕೈ ತೂರಿಸಿ ನೋಡಿ. ಮೇಲಿನ ಹುಲ್ಲು ಗರಿಗರಿಯಾಗಿಯೇ ಇರುತ್ತದೆ. ಕೈ ಒಳಗೆ ಹೋದಂತೆ ಬಿಸಿ ತಾಗುತ್ತದೆ, ಬೆರಳಿಗೆ ತೇವ ಹತ್ತುತ್ತದೆ. ಇನ್ನೂ ಕೆಲವು ವಾರ ಕಳೆದ ಮೇಲೆ ಅದೇ ಜಾಗದ ಹುಲ್ಲು ಹಿರಿದರೆ ಬಣ್ಣ ಕಂದಿರುತ್ತದೆ, ಮುಗ್ಗಲು ವಾಸನೆ ಮೂಗಿಗೆ ಹೊಡೆಯುತ್ತದೆ, ಒಂದು ಹಿಡಿ ಕೊಡವಿದರೆ ಬೆಳ್ಳಗಿನ ಪುಡಿ ಎದ್ದು ಮುಖಕ್ಕೆ ಬಡಿಯುತ್ತದೆ. ಈ ಲೇಖನ ಆ ಪುಡಿಯ ಬಗ್ಗೆ, ಅದನ್ನು ವರ್ಷಗಟ್ಟಲೆ ಉಸಿರಾಡುವವರ ಶ್ವಾಸಕೋಶದ ಬಗ್ಗೆ. ವೈದ್ಯಕೀಯ ಓದಿಲ್ಲದವರಿಗೂ ತಿಳಿಯಲಿ ಎಂದು ಬುಡದಿಂದಲೇ ಹೇಳುತ್ತೇನೆ.

ಧೂಳಿನಲ್ಲಿ ಎರಡು ಜಾತಿ. ಕಲ್ಲು ಕ್ವಾರಿಯ ಧೂಳು, ರಸ್ತೆಯ ಮಣ್ಣು, ಸಿಮೆಂಟು ಎಲ್ಲ ನಿರ್ಜೀವ ಧೂಳು. ಕಲ್ಲಿನ ಧೂಳಿನಿಂದ ಬರುವ ಸಿಲಿಕೋಸಿಸ್ ಹೆಸರನ್ನು ಹಲವರು ಕೇಳಿರಬಹುದು. ಎರಡನೆಯದು ಸಾವಯವ ಧೂಳು: ಹುಲ್ಲು, ಕಾಳು, ಹೊಟ್ಟು, ಹತ್ತಿ, ಕೋಳಿ ಪುಕ್ಕ, ಒಣಗಿದ ಹಿಕ್ಕೆಗಳಿಂದ ಏಳುವಂಥದ್ದು. ಇದರಲ್ಲಿ ಬೂಷ್ಟಿನ ಬೀಜಕಣಗಳಿರುತ್ತವೆ, ಬ್ಯಾಕ್ಟೀರಿಯಾ ಇರುತ್ತವೆ, ಸತ್ತ ಬ್ಯಾಕ್ಟೀರಿಯಾಗಳ ಹೊರಕವಚದ ವಿಷವೂ ಇರುತ್ತದೆ. ಸಾವಯವ ಎಂಬ ಪದ ಕೇಳಿದರೆ ಒಳ್ಳೆಯದೇ ಇರಬೇಕು ಎನಿಸುವ ಕಾಲ ಇದು. ಶ್ವಾಸಕೋಶದ ಮಟ್ಟಿಗೆ ಆ ಭಾವನೆಯನ್ನು ಪಕ್ಕಕ್ಕಿಡಬೇಕು.

ಹುಲ್ಲು ಏಕೆ ಬಿಸಿಯಾಗುತ್ತದೆ? ಹಸಿ ಉಳಿದ ಹುಲ್ಲಿನಲ್ಲಿ ಸಾಮಾನ್ಯ ಬೂಷ್ಟು ಮೊದಲು ಬೆಳೆಯುತ್ತದೆ. ಬೆಳೆಯುವ ಜೀವ ಉಸಿರಾಡುತ್ತದೆ, ಉಸಿರಾಡಿದರೆ ಶಾಖ ಹುಟ್ಟುತ್ತದೆ, ಒತ್ತಾಗಿ ಒಟ್ಟಿದ ಬಣವೆಯಿಂದ ಆ ಶಾಖ ಹೊರಗೆ ಹೋಗುವುದಿಲ್ಲ. ಹುಲ್ಲಿನ ತೇವ ಶೇಕಡಾ 15ರ ಆಸುಪಾಸಿನಲ್ಲಿದ್ದರೆ ತೊಂದರೆ ಕಡಿಮೆ. 30 ದಾಟಿ 40ರ ಹತ್ತಿರ ಹೋದರೆ ನಡುಭಾಗ 60 ಡಿಗ್ರಿ ಸೆಲ್ಸಿಯಸ್ ಮುಟ್ಟಬಹುದು. ಆ ಬಿಸಿಗೆ ಸಾಮಾನ್ಯ ಬೂಷ್ಟು ಸಾಯುತ್ತದೆ. ಅದರ ಜಾಗಕ್ಕೆ ಶಾಖವನ್ನೇ ಬಯಸುವ ಬೇರೆ ಗುಂಪು ಬರುತ್ತದೆ. ಥರ್ಮೋಫಿಲಿಕ್ ಆಕ್ಟಿನೋಮೈಸೀಟ್ಸ್ ಎಂಬ ಈ ಗುಂಪು ನೋಡಲು ಬೂಷ್ಟಿನ ಹಾಗೆ ಎಳೆ ಎಳೆಯಾಗಿ ಬೆಳೆದರೂ ಕುಲದಲ್ಲಿ ಬ್ಯಾಕ್ಟೀರಿಯಾ. ನಮ್ಮ ಕಥೆಯ ಮುಖ್ಯ ಪಾತ್ರಧಾರಿಗೆ ಸ್ಯಾಕರೋಪಾಲಿಸ್ಪೋರಾ ರೆಕ್ಟಿವಿರ್ಗುಲಾ ಎಂದು ಹೆಸರು. ಹೆಸರು ನೆನಪಿಡಬೇಕಾಗಿಲ್ಲ. ಅದರ ಬೀಜಕಣದ ಗಾತ್ರ ನೆನಪಿಟ್ಟರೆ ಸಾಕು: ಸುಮಾರು ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು.

ಗಾತ್ರಕ್ಕೆ ಇಷ್ಟು ಮಹತ್ವ ಏಕೆಂದರೆ, ನಾವು ಎಳೆದುಕೊಳ್ಳುವ ಗಾಳಿಯಲ್ಲಿನ ದಪ್ಪ ಕಣಗಳನ್ನು ಮೂಗಿನ ಕೂದಲು, ಗಂಟಲು, ಶ್ವಾಸನಾಳದ ಲೋಳೆ ಹಿಡಿದು ನಿಲ್ಲಿಸುತ್ತವೆ. ಒಕ್ಕಣೆ ಮುಗಿಸಿದ ದಿನ ಮೂಗು ಸೀದರೆ ಕಪ್ಪಗೆ ಬರುತ್ತದಲ್ಲ, ಅದು ಹೀಗೆ ಸಿಕ್ಕಿಬಿದ್ದ ಧೂಳು. ಐದು ಮೈಕ್ರಾನಿಗಿಂತ ಸಣ್ಣ ಕಣಗಳು ಈ ಯಾವ ಕಾವಲಿಗೂ ಸಿಕ್ಕದೆ ತುತ್ತತುದಿಯ ಗಾಳಿಗೂಡುಗಳವರೆಗೆ ಇಳಿಯಬಲ್ಲವು. ನಮ್ಮ ಎರಡೂ ಶ್ವಾಸಕೋಶಗಳಲ್ಲಿ ಇಂಥ ಗಾಳಿಗೂಡುಗಳು 30 ಕೋಟಿಗೂ ಮೇಲಿವೆ. ಒಂದೊಂದರ ಗೋಡೆಯೂ ಎಷ್ಟು ತೆಳು ಎಂದರೆ ಆಮ್ಲಜನಕ ಅದನ್ನು ಹಾದು ಸಲೀಸಾಗಿ ರಕ್ತಕ್ಕೆ ಸೇರುತ್ತದೆ. ಮುಗ್ಗಿದ ಹುಲ್ಲನ್ನು ಮುಚ್ಚಿದ ಕೊಟ್ಟಿಗೆಯಲ್ಲಿ ಕೊಡವಿದಾಗ ಒಂದು ಘನ ಮೀಟರ್ ಗಾಳಿಯಲ್ಲಿ ನೂರು ಕೋಟಿಗೂ ಹೆಚ್ಚು ಬೀಜಕಣಗಳು ತೇಲುವುದನ್ನು ಇಂಗ್ಲೆಂಡಿನಲ್ಲಿ 1960ರ ದಶಕದಲ್ಲೇ ಅಳೆದಿದ್ದಾರೆ. ಬಗ್ಗಿ ಎದ್ದು ಕೆಲಸ ಮಾಡುವವರ ಉಸಿರು ಜೋರಾಗಿರುತ್ತದೆ. ಕೂತವರಿಗಿಂತ ಅವರ ಒಳಗೆ ಹೋಗುವ ಧೂಳೂ ಹೆಚ್ಚು.

ಇಲ್ಲಿ ಒಂದು ಮಾತನ್ನು ಸ್ವಲ್ಪ ನಿಧಾನವಾಗಿ ಓದಿ. ಈ ಬೀಜಕಣಗಳು ಶ್ವಾಸಕೋಶದಲ್ಲಿ ಬೇರೂರಿ ಬೆಳೆಯುವುದಿಲ್ಲ. ಇದು ಸೋಂಕಲ್ಲ, ಒಬ್ಬರಿಂದ ಒಬ್ಬರಿಗೆ ಹರಡುವುದೂ ಇಲ್ಲ. ಗಾಯ ಮಾಡುವುದು ನಮ್ಮದೇ ದೇಹದ ರಕ್ಷಣಾ ವ್ಯವಸ್ಥೆ. ಒಳಗೆ ಬಂದ ಪರಕೀಯ ಪ್ರೋಟೀನನ್ನು ಗುರುತು ಹಿಡಿದು ದೇಹ ಪ್ರತಿಕಾಯ ತಯಾರಿಸುತ್ತದೆ, ಬಿಳಿ ರಕ್ತಕಣಗಳನ್ನು ಗಾಳಿಗೂಡಿನ ಗೋಡೆಗೆ ಕಳಿಸುತ್ತದೆ. ದಿನವೂ ಹೊಸ ಧೂಳು ಬರುತ್ತಿದ್ದರೆ ದಿನವೂ ಹೊಸ ಪಡೆ ಬರುತ್ತದೆ. ಗೋಡೆ ಊದಿಕೊಳ್ಳುತ್ತದೆ, ಸಣ್ಣ ಸಣ್ಣ ಗಂಟುಗಳು ಮೂಡುತ್ತವೆ. ವೈದ್ಯರು ಇದನ್ನು ಹೈಪರ್‌ಸೆನ್ಸಿಟಿವಿಟಿ ನ್ಯೂಮೊನೈಟಿಸ್ ಎನ್ನುತ್ತಾರೆ. ಮುಗ್ಗಿದ ಹುಲ್ಲಿನಿಂದ ರೈತರಿಗೆ ಬಂದಾಗ ಅದಕ್ಕೆ ಫಾರ್ಮರ್ಸ್ ಲಂಗ್, ರೈತರ ಶ್ವಾಸಕೋಶ ಎಂಬ ಹಳೆಯ ಹೆಸರಿದೆ. ಅಸ್ತಮಾ ಇದರಿಂದ ಬೇರೆ. ಅಸ್ತಮಾದಲ್ಲಿ ಗಾಳಿಯ ಕೊಳವೆಗಳು ಬಿಗಿಯುತ್ತವೆ, ಸುಂಯ್ ಎಂಬ ಸದ್ದು ಬರುತ್ತದೆ, ಇನ್‌ಹೇಲರ್ ಎಳೆದರೆ ಹಗುರವಾಗುತ್ತದೆ. ಇಲ್ಲಿ ಪೆಟ್ಟು ಬಿದ್ದಿರುವುದು ಮುಖ್ಯವಾಗಿ ಕೊಳವೆಯ ಕೊನೆಯ ಗೂಡುಗಳಿಗೆ.

ಒಂದೇ ಬಣವೆ ಹಿರಿಯುವ ಮನೆಯಲ್ಲಿ ಒಬ್ಬರಿಗೆ ಬಂದು ಉಳಿದವರಿಗೆ ಬಾರದಿರುವುದೂ ಉಂಟು. ಧೂಳಿನಲ್ಲಿ ದುಡಿಯುವ ಅನೇಕರ ರಕ್ತದಲ್ಲಿ ಪ್ರತಿಕಾಯ ಸಿಗುತ್ತದೆ, ಕಾಯಿಲೆ ಬೀಳುವುದು ಅವರಲ್ಲಿ ಕೆಲವರು ಮಾತ್ರ. ಹಾಗಾಗಿ ರಕ್ತ ಪರೀಕ್ಷೆಯೊಂದನ್ನೇ ಹಿಡಿದು ರೋಗ ಇದೆ ಎನ್ನುವಂತಿಲ್ಲ. ಗಂಡನಿಗೆ ಏನೂ ಆಗಿಲ್ಲ, ಹೆಂಡತಿಯದು ಸುಮ್ಮನೆ ನೆಪ ಎಂದು ಮನೆಯವರು ಅಂದುಕೊಳ್ಳುವುದು ಮಾತ್ರ ದೊಡ್ಡ ತಪ್ಪು.

ಈ ಕಾಯಿಲೆ ಕಣ್ಣು ತಪ್ಪಿಸಿ ಓಡಾಡುವುದಕ್ಕೆ ದೊಡ್ಡ ಕಾರಣ ಅದರ ಗಡಿಯಾರ. ಧೂಳು ಕುಡಿದ ತಕ್ಷಣ ಏನೂ ಆಗುವುದಿಲ್ಲ. ನಾಲ್ಕರಿಂದ ಎಂಟು ಗಂಟೆ ಕಳೆದ ಮೇಲೆ ಚಳಿ, ಜ್ವರ, ಒಣಕೆಮ್ಮು, ಎದೆ ಬಿಗಿತ, ಏದುಸಿರು, ಮೈಕೈ ನೋವು ಶುರುವಾಗುತ್ತದೆ. ಅಷ್ಟು ಹೊತ್ತಿಗೆ ಹುಲ್ಲಿನ ಕೆಲಸ ಯಾರ ನೆನಪಿನಲ್ಲೂ ಇರುವುದಿಲ್ಲ. ಪಾಠ ಮಾಡುವಾಗ ನಾನು ಈ ಕಲ್ಪಿತ ಸಂಭಾಷಣೆಯನ್ನು ವಿದ್ಯಾರ್ಥಿಗಳ ಮುಂದಿಡುತ್ತೇನೆ. ಹಳೇ ಮೈಸೂರು ಕಡೆಯ ಹಳ್ಳಿಯ ಹೆಣ್ಣುಮಗಳು ವೈದ್ಯರ ಮುಂದೆ ಕೂತಿದ್ದಾರೆ ಎಂದುಕೊಳ್ಳಿ. ಚೀಟಿಯಲ್ಲಿ ಉದ್ಯೋಗ ಎಂಬಲ್ಲಿ ‘ಗೃಹಿಣಿ’ ಎಂದು ಬರೆದಿದೆ.

“ಚಳಿ ಯಾವಾಗ ಶುರುವಾಗುತ್ತೆ ಅಮ್ಮ?”

“ರಾತ್ರಿ ಉಂಡು ಮಲಗೋ ಹೊತ್ಗೆ ಸಾರ್. ಮೈಯೆಲ್ಲ ನಡುಕ, ಎದೆ ಬಿಗ್ದಂಗಾಯ್ತದೆ. ಬೆಳಗಾಗೋ ಹೊತ್ಗೆ ಸುಸ್ತು ಒಂದು ಬಿಟ್ರೆ ಏನೂ ಇರಾಕಿಲ್ಲ.”

“ಆವತ್ತು ಹಗಲು ಏನು ಕೆಲಸ ಮಾಡಿದ್ರಿ?”

“ಏನಿಲ್ಲ ಸಾರ್, ಮನೆ ಕೆಲ್ಸ.”

“ದನ ಇದಾವಾ?”

“ಎಲ್ಡು ಹಸ ಅವೆ. ಮೂರು ಗಂಟೆಗೆ ಬಣವೆ ಹಿರ್ದು ಹುಲ್ಲು ಹಾಕ್ತೀನಿ, ದಿನಾ ಇದ್ದದ್ದೇ.”

“ಈ ಸಲ ಹುಲ್ಲು ಹೇಗಿದೆ?”

“ಮಳೇಲಿ ನೆಂದಿತ್ತು ಸಾರ್, ಒಳಗೆಲ್ಲ ಮುಗ್ಗೋಗದೆ. ಕೊಡವಿದ್ರೆ ಕಣ್ಣು ಬಿಡಕಾಗಾಕಿಲ್ಲ.”

“ನಡುವೆ ಚೆನ್ನಾಗಿದ್ದ ದಿನ ಇದಾವಾ?”

“ತವರಿಗೆ ಹೋಗಿದ್ನಲ್ಲ, ಆ ವಾರ ಏನೂ ಇರ್ಲಿಲ್ಲ. ಬಂದ ಮಾರ್ನೇ ದಿನ ಮತ್ತೆ ಅಂಗೇ.”

ರೋಗದ ಗುರುತು ಈ ಮಾತುಗಳಲ್ಲಿ ಹೆಚ್ಚುಕಡಿಮೆ ಪೂರ್ತಿ ಸಿಕ್ಕಿಬಿಟ್ಟಿದೆ. ಮೂರು ಗಂಟೆಗೆ ಹುಲ್ಲು, ಒಂಬತ್ತು ಗಂಟೆಗೆ ಚಳಿ. ಮನೆಯಲ್ಲಿದ್ದರೆ ಕಾಯಿಲೆ, ತವರಿನಲ್ಲಿದ್ದರೆ ಆರೋಗ್ಯ. ಯಾವ ಸ್ಕ್ಯಾನೂ ಇಷ್ಟು ಸ್ಪಷ್ಟವಾಗಿ ಕಾರಣ ತೋರಿಸುವುದಿಲ್ಲ. ನಾಲ್ಕನೆಯ ಪ್ರಶ್ನೆ ಕೇಳದೆ ಹೋಗಿದ್ದರೆ ಆ ಚೀಟಿ ಗೃಹಿಣಿ, ವೈರಲ್ ಜ್ವರ, ಮೂರು ದಿನದ ಮಾತ್ರೆ ಎಂದು ಮುಗಿಯುತ್ತಿತ್ತು. ಹುಲ್ಲು ಹಾಕುವುದು, ಸಗಣಿ ಬಾಚುವುದು, ಕಾಳು ಕೇರುವುದು ನಮ್ಮ ಹಳ್ಳಿಗಳಲ್ಲಿ ಬಹುಪಾಲು ಹೆಂಗಸರ ಪಾಲಿನ ಕೆಲಸ. ಅದನ್ನು ಕೆಲಸ ಎಂದು ಅವರೂ ಹೇಳಿಕೊಳ್ಳುವುದಿಲ್ಲ, ಬರೆದುಕೊಳ್ಳುವವರೂ ಕೇಳುವುದಿಲ್ಲ. ಆಶಾ ಕಾರ್ಯಕರ್ತೆಯರಿಗೆ, ಹೊಸ ವೈದ್ಯರಿಗೆ ನಾನು ಕೇಳಿಕೊಳ್ಳುವುದು ಇಷ್ಟು: ಉದ್ಯೋಗ ಏನು ಎಂದು ಕೇಳಿ ನಿಲ್ಲಿಸಬೇಡಿ. ನಿನ್ನೆ ಬೆಳಿಗ್ಗೆಯಿಂದ ಮಲಗುವವರೆಗೆ ಏನೇನು ಮುಟ್ಟಿದಿರಿ ಎಂದು ಕೇಳಿ.

ಇದು ಹೊಸ ಕಾಯಿಲೆಯಲ್ಲ. ಉದ್ಯೋಗ ಮತ್ತು ಕಾಯಿಲೆಯ ನಂಟನ್ನು ಕುರಿತು ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಝೀನಿ 1700ರಲ್ಲಿ ಪುಸ್ತಕ ಬರೆದರು. ಧಾನ್ಯ ಜರಡಿ ಹಿಡಿಯುವವರ, ಅಳೆಯುವವರ ಏದುಸಿರಿನ ಬಗ್ಗೆಯೂ ಅವರು ಬರೆದಿದ್ದಾರೆ. ರೋಗಿಯನ್ನು ‘ನೀವು ಏನು ಕೆಲಸ ಮಾಡುತ್ತೀರಿ’ ಎಂದು ಕೇಳಲೇಬೇಕೆಂದು ವೈದ್ಯರಿಗೆ ಕಲಿಸಿದವರು ಅವರೇ. ಮುಗ್ಗಿದ ಹುಲ್ಲಿನ ಕಾಯಿಲೆಯನ್ನು ಆಧುನಿಕ ವೈದ್ಯ ಸಾಹಿತ್ಯದಲ್ಲಿ ಮೊದಲು ಬಿಡಿಸಿ ಬರೆದವರು ಜೆ. ಎಂ. ಕ್ಯಾಂಬೆಲ್, 1932ರ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ. ಅವರು ವಿವರಿಸಿದ್ದು ಬೂಷ್ಟು ಹಿಡಿದ ಒಣಹುಲ್ಲಿನಲ್ಲಿ ಕೆಲಸ ಮಾಡಿದ ಇಂಗ್ಲೆಂಡಿನ ಕೃಷಿ ಕೂಲಿಕಾರರ ಕಥೆ. ಕಾರಣ ಕೈಗೆ ಸಿಗಲು ಮತ್ತೆ ಮೂವತ್ತು ವರ್ಷ ಬೇಕಾಯಿತು. ಲಂಡನ್ನಿನ ಜ್ಯಾಕ್ ಪೆಪಿಸ್ ರೋಗಿಗಳ ರಕ್ತವನ್ನೂ, ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದ ಗ್ರೆಗರಿ ಮತ್ತು ಲೇಸಿ ಹುಲ್ಲನ್ನೂ ಪರೀಕ್ಷಿಸಿದರು. 1963ರಲ್ಲಿ ಎರಡೂ ಕಡೆಯವರ ಕೆಲಸ ಒಂದುಗೂಡಿ, ಶಾಖ ಬಯಸುವ ಆಕ್ಟಿನೋಮೈಸೀಟ್ಸ್ ಕಡೆ ಬೆರಳು ತೋರಿಸಿತು. ವೈದ್ಯರೂ ಕೃಷಿ ವಿಜ್ಞಾನಿಗಳೂ ಒಂದೇ ಮೇಜಿನ ಮುಂದೆ ಕೂತದ್ದರಿಂದ ಬಿಡಿಸಿದ ಒಗಟು ಇದು. ಅಂಥ ಜೊತೆಗಾರಿಕೆ ನಮ್ಮಲ್ಲಿ ಇನ್ನೂ ಬಹಳ ಬೇಕು.

ಜ್ವರದ ರೂಪ ಕಾಯಿಲೆಯ ಒಂದು ಮುಖ. ಅದರಿಂದ ಪಾರಾಗುವುದು ಸುಲಭ: ಧೂಳಿನಿಂದ ದೂರ ಉಳಿದರೆ ಒಂದೆರಡು ದಿನದಲ್ಲಿ ಜ್ವರ ಬಿಡುತ್ತದೆ, ಕೆಲವು ವಾರಗಳಲ್ಲಿ ಶ್ವಾಸಕೋಶ ಸುಧಾರಿಸುತ್ತದೆ. ನನಗೆ ಹೆಚ್ಚು ಭಯ ಇನ್ನೊಂದು ಮುಖದ್ದು. ದಿನವೂ ಸ್ವಲ್ಪ ಸ್ವಲ್ಪ ಧೂಳು ಕುಡಿಯುವವರಲ್ಲಿ ಜ್ವರ ಬರದೆಯೇ ಗಾಳಿಗೂಡಿನ ಗೋಡೆ ದಪ್ಪವಾಗುತ್ತಾ ಹೋಗುತ್ತದೆ. ಊತ ಇದ್ದ ಕಡೆ ಗಾಯದ ಕಲೆಯಂಥ ನಾರು ಕೂರುತ್ತದೆ. ಇದೇ ಫೈಬ್ರೋಸಿಸ್. ನಾರುಗಟ್ಟಿದ ಶ್ವಾಸಕೋಶ ಹಿಗ್ಗುವುದಿಲ್ಲ, ಆ ಭಾಗ ಮತ್ತೆ ಮೊದಲಿನಂತಾಗುವುದೂ ಇಲ್ಲ. ಹೋದ ವರ್ಷ ಒಂದೇ ಉಸಿರಿಗೆ ಏರುತ್ತಿದ್ದ ಕೆರೆ ಏರಿಯನ್ನು ಈ ವರ್ಷ ನಡುವೆ ನಿಂತು ಏರಬೇಕಾಗುತ್ತದೆ. ಒಣಕೆಮ್ಮು ತಿಂಗಳುಗಟ್ಟಲೆ ಬಿಡುವುದಿಲ್ಲ, ಮೈ ಇಳಿಯುತ್ತದೆ, ಕೆಲವರಲ್ಲಿ ಬೆರಳ ತುದಿ ಉಬ್ಬಿ ಉಗುರು ಬಾಗುತ್ತದೆ. ವಯಸ್ಸಾಯಿತು ಅಂತಲೋ ಬೀಡಿಯ ಫಲ ಅಂತಲೋ ಸುಮ್ಮನಾಗುತ್ತಾರೆ.

ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಜೋರಾಗಿ ಉಸಿರೆಳೆಯಲು ಹೇಳಿದಾಗ, ಉಸಿರು ಒಳಗೆ ಹೋಗುವ ಕೊನೆಯ ಹಂತದಲ್ಲಿ ಸಣ್ಣ ಚಿಟಪಟ ಸದ್ದು ಕೇಳುತ್ತದೆ. ಆ ಸದ್ದು ಹೇಗಿರುತ್ತದೆ ಎಂದು ತಿಳಿಯಬೇಕಾದರೆ ನಿಮ್ಮ ಕಿವಿಯ ಪಕ್ಕದ ನಾಲ್ಕು ಕೂದಲನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಮೆಲ್ಲಗೆ ತಿಕ್ಕಿ, ಹೆಚ್ಚುಕಡಿಮೆ ಅದೇ. ಮುಂದಿನ ಹೆಜ್ಜೆ ಊದುವ ಪರೀಕ್ಷೆ, ಆಮ್ಲಜನಕದ ಅಳತೆ, ಎದೆಯ ಸಿಟಿ ಸ್ಕ್ಯಾನ್. ಸ್ಕ್ಯಾನಿನಲ್ಲಿ ಶ್ವಾಸಕೋಶದ ಕೆಲವು ಭಾಗ ಮಬ್ಬು, ಕೆಲವು ಭಾಗ ಕಪ್ಪು, ನಡುವೆ ಮಸುಕು ಚುಕ್ಕೆಗಳು ಕಾಣುತ್ತವೆ. ಸಾಮಾನ್ಯ ಎಕ್ಸ್‌ರೇ ಎಷ್ಟೋ ಸಲ ಚೆನ್ನಾಗಿಯೇ ಕಾಣುತ್ತದೆ. ಎಕ್ಸ್‌ರೇ ಸರಿ ಇದೆ ಎಂದರೆ ಶ್ವಾಸಕೋಶ ಸರಿ ಇದೆ ಎಂದಲ್ಲ.

ನಮ್ಮ ದೇಶದಲ್ಲಿ ಕೆಮ್ಮು, ಜ್ವರ, ತೂಕ ಇಳಿಕೆ ಎಂದ ಕೂಡಲೇ ಕ್ಷಯದ ಅನುಮಾನ ಬರುತ್ತದೆ. ಬರಲೇಬೇಕು, ಕಫ ಪರೀಕ್ಷೆ ಮಾಡಿಸಲೇಬೇಕು. ಕಫದಲ್ಲಿ ಏನೂ ಸಿಗದೆ, ಔಷಧಿಯಿಂದಲೂ ಗುಣವಾಗದೆ ಇದ್ದಾಗ ಕೊಟ್ಟಿಗೆಯ ಕಡೆಗೂ ತಿರುಗಿ ನೋಡಬೇಕು. ದೇಶದ 19 ನಗರಗಳ 27 ಆಸ್ಪತ್ರೆಗಳಿಂದ, ಶ್ವಾಸಕೋಶದ ಗೋಡೆ ಕೆಟ್ಟ 1,084 ರೋಗಿಗಳ ವಿವರ ಸೇರಿಸಿ 2017ರಲ್ಲಿ ಪ್ರಕಟಿಸಿದ ನೋಂದಣಿಯಲ್ಲಿ ಶೇಕಡಾ 47ರಷ್ಟು ಜನರಿಗೆ ಇದ್ದದ್ದು ಹೈಪರ್‌ಸೆನ್ಸಿಟಿವಿಟಿ ನ್ಯೂಮೊನೈಟಿಸ್. ಅವರೆಲ್ಲ ರೈತರಲ್ಲ. ಸುಮಾರು ಅರ್ಧದಷ್ಟು ಜನರಿಗೆ ಏರ್ ಕೂಲರ್ ನಂಟಿತ್ತು, ಪಾರಿವಾಳದ ಹಿಕ್ಕೆಯ ನಡುವೆ ಬದುಕುವವರೂ ಇದ್ದರು. ಅಪರೂಪದ ಪರದೇಶಿ ಕಾಯಿಲೆ ಎಂದು ಇದನ್ನು ಬದಿಗಿಡುವಂತಿಲ್ಲ ಎನ್ನುವುದಕ್ಕೆ ಅಷ್ಟು ಸಾಕು.

ಇದರ ನೆಂಟರು ಕೆಲವರಿದ್ದಾರೆ. ವಿಪರೀತ ಧೂಳಿನಲ್ಲಿ ಒಂದೇ ದಿನ ಕೆಲಸ ಮಾಡಿದ ಹಲವರಿಗೆ ಒಟ್ಟಿಗೆ ಚಳಿಜ್ವರ ಬಂದು, ಒಂದೆರಡು ದಿನದಲ್ಲಿ ತಾನಾಗಿ ಇಳಿದರೆ ಅದು ಬಹುಶಃ ಸಾವಯವ ಧೂಳಿನ ವಿಷಬಾಧೆ. ಅದಕ್ಕೆ ಮೊದಲಿನ ಒಗ್ಗದಿಕೆ ಬೇಕಿಲ್ಲ, ಯಾರಿಗಾದರೂ ಬರಬಹುದು. ಹತ್ತಿ ಧೂಳಿನಲ್ಲಿ ದುಡಿಯುವವರಿಗೆ ವಾರದ ರಜೆ ಮುಗಿದ ಮೊದಲ ದಿನ ಎದೆ ಬಿಗಿಯುವ ಬಿಸಿನೋಸಿಸ್ ಇದೆ. ಸಕ್ಕರೆ ಕಾರ್ಖಾನೆಯ ಕಬ್ಬಿನ ಸಿಪ್ಪೆ ರಾಶಿಯಲ್ಲಿ ಹಳತಾಗಿ ಬಿಸಿಯಾದರೆ ಅದರ ಧೂಳಿನಿಂದ ಬಗಾಸೋಸಿಸ್ ಬರುತ್ತದೆ, ರೈತರ ಶ್ವಾಸಕೋಶಕ್ಕೆ ಅದು ಒಡಹುಟ್ಟಿನ ಹಾಗೆ. ಅಣಬೆ ಬೆಳೆಯುವವರಿಗೂ ಇಂಥದೇ ಬಾಧೆ ಉಂಟು. ಹಗೇವಿಗೆ ಇಳಿದವರು ಉಸಿರು ಕಟ್ಟಿ ಸಾಯುವುದು ಮಾತ್ರ ಬೇರೆ ವಿಷಯ. ಅಲ್ಲಿ ಕೊಲ್ಲುವುದು ಆಮ್ಲಜನಕ ಇಲ್ಲದ ಕೆಟ್ಟ ಗಾಳಿ.

ನಮ್ಮ ಕಡೆ ಬಿಸಿಲು ಧಾರಾಳ. ಚೆನ್ನಾಗಿ ಒಣಗಿದ ಹುಲ್ಲಿಗೆ ಈ ಅಪಾಯ ಕಡಿಮೆ, ಅದಕ್ಕೇ ಈ ಕಾಯಿಲೆಯ ಹಳೆಯ ವರದಿಗಳೆಲ್ಲ ಒದ್ದೆ, ತಂಪು ದೇಶಗಳಿಂದ ಬಂದವು. ಆದರೆ ರಾಗಿ ಕೊಯ್ಲಿನ ಹೊತ್ತಿಗೇ ಹಿಂಗಾರು ಮಳೆ ಹಿಡಿದರೆ ಏನಾಗುತ್ತದೆ ಎಂಬುದು ತುಮಕೂರು, ಹಾಸನ, ಕೋಲಾರದ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಭತ್ತದ ಸೀಮೆಯಲ್ಲಿ ಈಗ ಯಂತ್ರ ಹುಲ್ಲನ್ನು ಬಿಗಿಯಾಗಿ ಒತ್ತಿ ಪೆಂಡಿ ಕಟ್ಟುತ್ತದೆ. ತೇವ ಇರುವಾಗಲೇ ಕಟ್ಟಿದ ಬಿಗಿ ಪೆಂಡಿಯೊಳಗೆ ಗಾಳಿ ಆಡುವುದಿಲ್ಲ, ಶಾಖ ಕೂಡಿಕೊಳ್ಳುತ್ತದೆ. ಲಾರಿಯಲ್ಲಿ ಬಂದ ಪೆಂಡಿ ಎಲ್ಲಿ, ಯಾವ ಮಳೆಯಲ್ಲಿ ನೆಂದಿತ್ತೆಂದು ಕೊಂಡವರಿಗೆ ಗೊತ್ತಾಗುವುದಿಲ್ಲ. ಒಂದು ಪೆಂಡಿ ಬಿಚ್ಚಿಸಿ, ನಡುವಿನ ಹುಲ್ಲು ಮೂಸಿ ನೋಡಿ ವ್ಯಾಪಾರ ಮಾಡಿ.

ತಡೆಯುವ ಕೆಲಸ ಒಣಗಿಸುವುದರಿಂದ ಶುರು. ಎರಡು ದಿನ ತಡವಾದರೂ ಬಿಸಿಲಿಗೆ ತಿರುವಿ ಹಾಕಿ, ಆಮೇಲೆ ಒಟ್ಟಿ. ನೆಲದ ತೇವ ಏರದಂತೆ ಅಡಿಗೆ ಕಲ್ಲು, ಮರದ ದಿಮ್ಮಿ ಹಾಸಿ, ಮೇಲೆ ನೀರು ಜಾರುವ ಹಾಗೆ ಹೊದಿಸಿ. ಒಣಗಿಸಲು ಸಾಧ್ಯವೇ ಇಲ್ಲದ ಹಸಿ ಮೇವನ್ನು, ಮುಖ್ಯವಾಗಿ ಜೋಳವನ್ನು, ಗಾಳಿಯಾಡದಂತೆ ತುಳಿದು ಮುಚ್ಚಿ ರಸಮೇವು ಮಾಡುವುದು ಒಳ್ಳೆಯ ದಾರಿ. ಅಲ್ಲಿ ಹುಳಿ ಹುಟ್ಟುತ್ತದೆ, ಈ ಬೀಜಕಣಗಳು ಹುಟ್ಟುವುದಿಲ್ಲ. ಯೂರೋಪಿನ ಹಲವು ದೇಶಗಳಲ್ಲಿ ರಸಮೇವಿನ ರೂಢಿ ಹೆಚ್ಚಿದಂತೆ ರೈತರ ಶ್ವಾಸಕೋಶದ ಕಾಟ ತಗ್ಗಿದೆ.

ಮುಗ್ಗಿದ ಹುಲ್ಲು ಮನೆಗೆ ಬಂದೇಬಿಟ್ಟಿದ್ದರೆ ಕೊಟ್ಟಿಗೆಯೊಳಗೆ ಕೊಡವಬೇಡಿ. ಬಯಲಿನಲ್ಲಿ, ಗಾಳಿಗೆ ಬೆನ್ನು ಕೊಡದೆ, ಧೂಳು ನಿಮ್ಮಿಂದ ಆಚೆ ಹಾರುವ ಹಾಗೆ ಪಕ್ಕಕ್ಕೆ ನಿಂತು ಬಿಡಿಸಿ. ಮೊದಲು ನೀರು ಚಿಮುಕಿಸಿದರೆ ಪುಡಿ ಕಡಿಮೆ ಏಳುತ್ತದೆ. ತೀರಾ ಕೆಟ್ಟದ್ದನ್ನು ಒದ್ದೆ ಮಾಡಿ ತಿಪ್ಪೆಗೆ ಹಾಕಿ, ದನಕ್ಕೂ ಅದು ಒಳ್ಳೆಯದಲ್ಲ. ಮುಖಕ್ಕೆ ಸುತ್ತುವ ಟವಲ್ಲು, ಸೆರಗು ಕಸ ತಡೆಯುತ್ತವೆ, ಒಂದು ಮೈಕ್ರಾನಿನ ಬೀಜಕಣವನ್ನು ತಡೆಯುವುದಿಲ್ಲ. ಕೊರೊನಾ ಕಾಲದಲ್ಲಿ ಎಲ್ಲರೂ ಕಂಡ ಎನ್95 ಮಾಸ್ಕು, ಕೆನ್ನೆಗೆ ಸಂದಿಯಿಲ್ಲದಂತೆ ಕೂತರೆ, ತಡೆಯುತ್ತದೆ.

ಕಾಯಿಲೆ ಬಂದವರಿಗೆ ಮೊದಲ ಔಷಧಿ ಧೂಳಿನಿಂದ ದೂರ. ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ಮಾತ್ರೆ ಊತವನ್ನು ಬೇಗ ಇಳಿಸುತ್ತದೆ. ಫಿನ್ಲೆಂಡಿನಲ್ಲಿ ರೈತರ ಮೇಲೆಯೇ ನಡೆಸಿ 1992ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮಾತ್ರೆ ತಗೊಂಡವರು ಮೊದಲ ತಿಂಗಳು ಬೇಗ ಚೇತರಿಸಿಕೊಂಡರು, ಐದು ವರ್ಷದ ಹೊತ್ತಿಗೆ ತಗೊಳ್ಳದವರಿಗೂ ಅವರಿಗೂ ವ್ಯತ್ಯಾಸ ಕಾಣಲಿಲ್ಲ. ಮಾತ್ರೆ ನುಂಗಿಕೊಂಡು ಅದೇ ಬಣವೆ ಹಿರಿಯುವುದರಲ್ಲಿ ಅರ್ಥವಿಲ್ಲ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ನಾರುಗಟ್ಟುವುದು ಮುಂದುವರಿಯುತ್ತಿದ್ದರೆ ಅದರ ವೇಗ ತಗ್ಗಿಸಲು ನಿಂಟೆಡನಿಬ್ ಎಂಬ ಮಾತ್ರೆ ಇದೆ. ಹೋದದ್ದನ್ನು ಅದು ಮರಳಿ ತಂದುಕೊಡುವುದಿಲ್ಲ.

ಸಾವಯವ ಧೂಳಿನ ಈ ಕಾಯಿಲೆಯನ್ನೂ ಬಗಾಸೋಸಿಸ್ಸನ್ನೂ 1923ರ ಕಾರ್ಮಿಕ ಪರಿಹಾರ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ ಉದ್ಯೋಗಜನ್ಯ ರೋಗ ಎಂದು ಸೇರಿಸಲಾಗಿತ್ತು. ಪರಿಹಾರ ಕೊಡಬೇಕಾದವರು ಮಾಲೀಕರು. ಸ್ವಂತ ಎರಡು ಹಸುವಿಗೆ ಸ್ವಂತ ಹುಲ್ಲು ಹಾಕುವ ಹೆಣ್ಣುಮಗಳಿಗೆ ಮಾಲೀಕರಿಲ್ಲ, ಆ ಬಾಗಿಲು ಅವರಿಗೆ ತೆರೆಯುವುದೂ ಇಲ್ಲ. ಹಾಲಿನ ಸಂಘಗಳು ದನಕ್ಕೆ ವೈದ್ಯರನ್ನು ಕಳಿಸುವ ವ್ಯವಸ್ಥೆಯನ್ನು ದಶಕಗಳಿಂದ ನಡೆಸಿಕೊಂಡು ಬಂದಿವೆ. ಹಾಲು ಹಾಕುವವರಿಗೆ ವರ್ಷಕ್ಕೊಮ್ಮೆ ಊದುವ ಪರೀಕ್ಷೆ ಮಾಡಿಸುವುದು ಅದಕ್ಕಿಂತ ಕಷ್ಟದ ಕೆಲಸವೇನಲ್ಲ.

ಅಲ್ಲಿಯವರೆಗೆ ಮನೆಯಲ್ಲೇ ಮಾಡಬಹುದಾದದ್ದಿದೆ. ಕಾಯಿಲೆ ಗೊತ್ತಾದವರ ಕೈಯಿಂದ ಹುಲ್ಲಿನ ಕೆಲಸ ತೆಗೆದು ಬೇರೆಯವರು ಮಾಸ್ಕು ಹಾಕಿ ಮಾಡಲಿ; ಹಾಲು ಕರೆಯುವುದು, ಡೈರಿಗೆ ಹಾಕುವುದು ಕಾಯಿಲೆಯವರು ಮಾಡಲಿ. ಮಲಗುವ ಕೋಣೆಯ ಮೇಲಿನ ಅಟ್ಟದಲ್ಲಿ ಹುಲ್ಲು ಇಡಬೇಡಿ. ಹುಲ್ಲು ಮುಟ್ಟಿದ ಬಟ್ಟೆಯನ್ನು ಹೊರಗೇ ಬಿಚ್ಚಿ ನೆನೆಹಾಕಿ. ವೈದ್ಯರ ಹತ್ತಿರ ಹೋಗುವ ದಿನ, ಕೆಮ್ಮು ಜ್ವರ ಬಂದ ದಿನಗಳ ಪಕ್ಕದಲ್ಲಿ ಆವತ್ತು ಮುಟ್ಟಿದ ಹುಲ್ಲು, ಕಾಳು, ಹಿಂಡಿ, ಗೊಬ್ಬರದ ಹೆಸರನ್ನು ಮಕ್ಕಳ ಕೈಲಿ ಒಂದು ಹಾಳೆಯಲ್ಲಿ ಬರೆಸಿಕೊಂಡು ಹೋಗಿ. ವೈದ್ಯರು ಕೇಳದಿದ್ದರೂ ಅದನ್ನು ಮೇಜಿನ ಮೇಲೆ ಇಡಿ.